ಮಧ್ಯದಲ್ಲಿ ನಿಲ್ಲಬೇಕಾದವನು



ನಿವೃತ್ತನಾದ ಮೇಲೆ ಮನೆ ಕಟ್ಟಿಸಹೊರಟ ಮೇಷ್ಟರ ಪಾಡು ತಮಗೆ ತಿಳಿಯದ್ದಲ್ಲ. ನಾನೂ ಆ ಸಾಲಿಗೆ ಸೇರಿದವನು. ಗುತ್ತಿಗೆದಾರರು ತಂದ ಹನ್ನೆರಡು ಪುಟದ ಇಂಗ್ಲಿಷ್ ಕರಾರಿಗೆ, ಕಾಫಿ ಆರುವ ಮುನ್ನವೆ ರುಜು ಹಾಕಿದೆ. ಮೂವತ್ತು ವರ್ಷ ಒಂದೊಂದು ಪದದ ಬೆನ್ನು ಹತ್ತಿ ಪಾಠ ಹೇಳಿದವನು, ನನ್ನ ಉಳಿತಾಯವೆಲ್ಲ ಅಡಗಿದ್ದ ಆ ಬರಹವನ್ನು ಮಾತ್ರ ಓದಲಿಲ್ಲ. ಚಾವಣಿ ಸೋರಿತು, ಕೊನೆಯ ಕಂತನ್ನು ತಡೆಹಿಡಿದೆ. ಒಡನೆಯೆ ನೋಟೀಸು ಬಂತು. ವ್ಯಾಜ್ಯವೆದ್ದರೆ ಗುತ್ತಿಗೆದಾರರು ನೇಮಿಸಿದ ಮಧ್ಯಸ್ಥರೆ ತೀರ್ಮಾನಿಸತಕ್ಕದ್ದು, ಇದು ತಾವೇ ಒಪ್ಪಿದ ಷರತ್ತು, ಎಂದು ಅದರ ಸಾರಾಂಶ.

ಮಧ್ಯಸ್ಥನೆಂದರೆ ಮಧ್ಯದಲ್ಲಿ ಇರುವವನು. ಒಂದು ಪಕ್ಷದವರೆ ಆರಿಸಿ ತಂದವನು ಮಧ್ಯದಲ್ಲಿ ಹೇಗೆ ನಿಂತಾನು? ಅಂದು ನನ್ನನ್ನು ಕಾಡಿದ ಈ ಪ್ರಶ್ನೆಯೆ ನಮ್ಮ ದೇಶದ ಮಧ್ಯಸ್ಥಿಕೆ ಕಾನೂನಿನ ಚರಿತ್ರೆಯ ಉದ್ದಕ್ಕೂ ಕೇಳಿಬರುತ್ತದೆ.

ರಾಜನ ಸಭೆಯ ಹೊರಗೆ ನ್ಯಾಯ ತೀರ್ಮಾನಿಸುವುದು ನಮಗೆ ಹೊಸತೇನೂ ಅಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಕುಲ, ಶ್ರೇಣಿ, ಪೂಗವೆಂಬ ಮೂರು ಬಗೆಯ ಸಭೆಗಳನ್ನು ವಿವರಿಸಿದ್ದಾನೆ. ಬಂಧುಗಳದು ಕುಲ, ಒಂದೇ ಕಸುಬಿನವರದು ಶ್ರೇಣಿ, ಒಂದೇ ಊರಿನ ನಾನಾ ಜಾತಿ ವೃತ್ತಿಗಳವರದು ಪೂಗ. ಕುಲದಲ್ಲಿ ಸೋತವನು ಶ್ರೇಣಿಗೂ, ಅಲ್ಲಿಂದ ಪೂಗಕ್ಕೂ ಹೋಗಬಹುದಿತ್ತು. ಹತ್ತಿರದವರ ತೀರ್ಪು ಪಕ್ಷಪಾತದ್ದಾಗಬಹುದೆಂಬ ಎಚ್ಚರ ಆ ಏರ್ಪಾಟಿನಲ್ಲಿ ಇದ್ದಂತೆ ನನಗೆ ತೋರುತ್ತದೆ.

ಬ್ರಿಟಿಷರ ಕಾಲದ 1940ರ ಕಾಯಿದೆಯಲ್ಲಿ ಮಧ್ಯಸ್ಥರ ಐತೀರ್ಪಿಗೆ ನ್ಯಾಯಾಲಯದ ಮುದ್ರೆ ಬೀಳದೆ ಬಲವಿರಲಿಲ್ಲ. ಕೋರ್ಟನ್ನು ತಪ್ಪಿಸಹೋದವನು ಮರಳಿ ಕೋರ್ಟಿನ ಮೆಟ್ಟಿಲನ್ನೆ ಹತ್ತಬೇಕಾಗಿತ್ತು. ಸರ್ವೋಚ್ಚ ನ್ಯಾಯಾಲಯವೆ 1981ರಲ್ಲಿ ಈ ಅವಸ್ಥೆಗಾಗಿ ಮರುಗಿತು. ವಿಶ್ವಸಂಸ್ಥೆಯ ಆಯೋಗವೊಂದು 1985ರಲ್ಲಿ ರೂಪಿಸಿದ ಮಾದರಿಯನ್ನು ಅನುಸರಿಸಿ 1996ರಲ್ಲಿ ಹೊಸ ಕಾಯಿದೆ ಬಂದಿತು; ಐತೀರ್ಪು ಡಿಕ್ರಿಯಂತೆಯೆ ಜಾರಿಯಾಗುವ ಹಾಗಾಯಿತು. 2015ರ ತಿದ್ದುಪಡಿಯು ಹನ್ನೆರಡು ತಿಂಗಳ ಗಡುವನ್ನು ವಿಧಿಸಿ, ಯಾರು ಮಧ್ಯಸ್ಥರಾಗಲು ಅನರ್ಹರೆಂಬುದನ್ನು ಪಟ್ಟಿ ಮಾಡಿತು. ವ್ಯಾಜ್ಯದ ಫಲದಲ್ಲಿ ಆಸಕ್ತಿಯುಳ್ಳವನು ತಾನೊಬ್ಬನೆ ಏಕಮಾತ್ರ ಮಧ್ಯಸ್ಥನನ್ನು ನೇಮಿಸಲಾಗದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಸರ್ಕಾರಿ ಸಂಸ್ಥೆಗಳ ಗುತ್ತಿಗೆಗಳಲ್ಲಿ ಇಂಥ ಏಕಪಕ್ಷೀಯ ನೇಮಕ ಸಮಾನತೆಗೆ ವಿರುದ್ಧವೆಂದು 2024ರಲ್ಲಿ ಸಂವಿಧಾನ ಪೀಠವು ತೀರ್ಮಾನಿಸಿತು.

ಹಾಗೆಂದು ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ವೆಚ್ಚ ಹೆಚ್ಚು, ತಪ್ಪು ತೀರ್ಪನ್ನು ತಿದ್ದಲು ದಾರಿ ಕಡಮೆ ಎಂಬ ದೂರುಗಳುಂಟು. 2024ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯವು ಸರ್ಕಾರಿ ಗುತ್ತಿಗೆಗಳಲ್ಲಿ ಮಧ್ಯಸ್ಥಿಕೆಯನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗೆ ಕೆಳಗಿನ ವ್ಯಾಜ್ಯಗಳಿಗಷ್ಟೆ ಮಿತಗೊಳಿಸಲು ಸೂಚಿಸಿತು. ತೀರ್ಪು ಕೊಡದೆ ಇಬ್ಬರನ್ನೂ ಒಪ್ಪಂದಕ್ಕೆ ತರುವ ಸಂಧಾನದ ಮಾರ್ಗಕ್ಕೆ 2023ರಲ್ಲಿ ಬೇರೆಯೆ ಕಾಯಿದೆಯಾಗಿದೆ. ಕನ್ನಡದಲ್ಲಿ ನಾವು ಈ ಎರಡನ್ನೂ ಮಧ್ಯಸ್ಥಿಕೆಯೆಂದೇ ಕರೆಯುತ್ತೇವೆ. ಒಂದರಲ್ಲಿ ತೀರ್ಪಿಗೆ ತಲೆಬಾಗಲೇಬೇಕು, ಇನ್ನೊಂದರಲ್ಲಿ ಒಪ್ಪದೆ ಎದ್ದು ಬರಬಹುದು. ಈ ಭೇದವನ್ನರಿಯದೆ ರುಜು ಹಾಕಿದರೆ ಗತಿಯೇನು?

ನನ್ನ ಕಥೆಗೆ ಬರುತ್ತೇನೆ. ನಮ್ಮ ವಕೀಲರು 2019ರ ತೀರ್ಪನ್ನು ಎತ್ತಿ ತೋರಿಸಿದ ಮೇಲೆ, ಇಬ್ಬರಿಗೂ ಒಪ್ಪಿತರಾದ ನಿವೃತ್ತ ಎಂಜಿನಿಯರೊಬ್ಬರು ಮಧ್ಯಸ್ಥರಾದರು. ಅವರು ಏಣಿ ಹತ್ತಿ ಚಾವಣಿಯನ್ನು ತಾವೆ ನೋಡಿದರು. ವಿಚಾರಣೆಯ ಭಾಷೆಯನ್ನು ಪಕ್ಷಗಳೆ ಆರಿಸಿಕೊಳ್ಳಬಹುದೆಂದು ಕಾಯಿದೆಯ 22ನೆಯ ಪ್ರಕರಣ ಹೇಳುತ್ತದೆ. ಅದರಂತೆ ಎಲ್ಲವೂ ಕನ್ನಡದಲ್ಲಿ ನಡೆಯಿತು. ಗುತ್ತಿಗೆದಾರರ ಮೇಸ್ತ್ರಿಯೂ ತನ್ನ ಮಾತನ್ನು ತಾನೇ ಹೇಳಿದ. ನಾನು ಕೇಳಿದ್ದರಲ್ಲಿ ಅರ್ಧ ಮಾತ್ರ ದಕ್ಕಿತು. ನೀರು ಹೋಗುವ ಕೊಳವೆಯ ಜಾಗವನ್ನು ಹಟ ಹಿಡಿದು ಬದಲಿಸಿದವನು ನಾನೇ ಎಂಬುದು ಅಲ್ಲಿ ಹೊರಬಿತ್ತು.

ಆದರೂ ಆ ತೀರ್ಪನ್ನು ಒಪ್ಪಿದೆ. ಕೊಟ್ಟವರು ನಿಜವಾಗಿ ಮಧ್ಯದಲ್ಲಿ ನಿಂತಿದ್ದರು. ಕಾಯಿದೆ ಎಷ್ಟು ಸಲ ತಿದ್ದುಪಡಿಯಾದರೂ ಈ ಒಂದು ನಂಬಿಕೆಯನ್ನು ಉಳಿಸದಿದ್ದರೆ ವ್ಯರ್ಥವೆ. ಇನ್ನು ನಮ್ಮ ಪಾಲಿನ ಕೆಲಸ ಚಿಕ್ಕದು: ಕರಾರನ್ನು ನಮಗೆ ತಿಳಿಯುವ ನುಡಿಯಲ್ಲಿ ಬರೆಸಿಕೊಂಡು, ಕಾಫಿ ಆರಿದರೂ ಚಿಂತೆಯಿಲ್ಲ, ಕೊನೆಯ ಸಾಲಿನವರೆಗೆ ಓದುವುದು.