ಮುಳ್ಳು ಅಡ್ಡದಾರಿ ಹಿಡಿದಾಗ



ಅಮೆರಿಕದ ಹಳೆಯ ಸರ್ವೆ ದಿಕ್ಸೂಚಿಗೂ ಬೀರೂರಿಗೂ ಎಲ್ಲಿಯ ನಂಟು ಎಂದು ಈ ಭೂಮಾಪಕರ ಕೂಟದ ಆಮಂತ್ರಣ ನೋಡಿದ ಅಡಿಕೆ ವ್ಯಾಪಾರಿ ಗೆಳೆಯರೊಬ್ಬರು ಕೇಳಿದರು. ನಂಟು ನಮ್ಮ ಬಾಬಾಬುಡನ್ ಗಿರಿಸಾಲಿನಲ್ಲಿದೆ. ಅಲ್ಲಿಯ ಕಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಕಬ್ಬಿಣದ ಅದಿರು ಇದೆ. ಅದರ ಹತ್ತಿರ ದಿಕ್ಸೂಚಿಯ ಮುಳ್ಳನ್ನು ನೆಚ್ಚುವಂತಿಲ್ಲ.

ಮಿಶಿಗನ್ ಕಾಡಿನಲ್ಲಿ ವಿಲಿಯಂ ಆಸ್ಟಿನ್ ಬರ್ಟ್ ಎಂಬ ಸರ್ವೆಯವನಿಗೂ ಇದೇ ಪಾಡು. ಅವನು ಸೂರ್ಯನನ್ನು ಹಿಡಿದು ದಿಕ್ಕು ನೋಡುವ ಸಾಧನ ರೂಪಿಸಿ 1836ರಲ್ಲಿ ಪೇಟೆಂಟ್ ಪಡೆದ. ತಯಾರಿಸಿಕೊಟ್ಟವನು ಫಿಲಡೆಲ್ಫಿಯದ ವಿಲಿಯಂ ಯಂಗ್. 1844ರ ಸೆಪ್ಟೆಂಬರ್ 19ರಂದು ದಿಕ್ಸೂಚಿಯ ಮುಳ್ಳು ಸಿಕ್ಕಾಪಟ್ಟೆ ಅಡ್ಡ ತಿರುಗಿತು. ಸುತ್ತ ಹುಡುಕಿ ಎಂದ ಬರ್ಟ್. ಜೊತೆಯವರು ಕಬ್ಬಿಣದ ಅದಿರು ಹಿಡಿದು ಬಂದರು. ಮುಳ್ಳಿನ ತಪ್ಪೇ ಗಣಿಯ ಸುಳಿವಾಯಿತು.

ಆ ಕಾಲದ ಸರ್ವೆ ದಿಕ್ಸೂಚಿಗಳ ಮುಖ ನೋಡಿದವರು ಮೊದಲು ತಬ್ಬಿಬ್ಬಾಗುತ್ತಾರೆ. ಪೂರ್ವ ಇರಬೇಕಾದಲ್ಲಿ ಪಶ್ಚಿಮದ ಅಕ್ಷರ! ಕೆತ್ತಿದವನು ಎಡವಿಲ್ಲ. ಪೆಟ್ಟಿಗೆ ತಿರುಗುತ್ತದೆ, ಮುಳ್ಳು ನಿಂತಲ್ಲೇ ನಿಲ್ಲುತ್ತದೆ. ಅಕ್ಷರ ಅದಲುಬದಲಾದರೆ ಮುಳ್ಳಿನ ತುದಿಯಲ್ಲೇ ಸರಿಯಾದ ದಿಕ್ಕು ಓದಬಹುದು. ಮಾಡಿದವನ ಹೆಸರೂ ಊರೂ ಆ ಹಿತ್ತಾಳೆಯ ಮೇಲೆ ಚೆಂದವಾಗಿ ಕೆತ್ತಿರುತ್ತದೆ.

ನಮ್ಮಲ್ಲೂ ಅಂಥ ಕೈಗಳಿದ್ದವು. ಆರ್ಕಾಟ್ ಕಡೆಯ ಸೈಯದ್ ಮೀರ್ ಮೊಹ್ಸಿನ್ ಹುಸೇನ್ ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರ, ಕೋನ ಅಳೆಯುವ ಭಾರೀ ಥಿಯೋಡೊಲೈಟ್‌ಗಳನ್ನು ದುರಸ್ತಿ ಮಾಡಿದವರು. ಲಂಡನ್ನಿನಿಂದ ಬಂದಿದ್ದ ಹೆನ್ರಿ ಬ್ಯಾರೋ ಹೊಂದಿದ್ದ ಸಾಧನ ತಯಾರಕರ ಹುದ್ದೆ 1843ರಲ್ಲಿ ಅವರದಾಯಿತು. ಅವರ ಹೆಸರು ನಮ್ಮ ಪಾಠಗಳಲ್ಲಿ ಬರುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಇನ್ನು ನಮ್ಮ ತೋಟಗಳಿಗೆ ಬಂದರೆ, ಅಳೆದದ್ದು ಮುಳ್ಳಲ್ಲ, ಸರಪಳಿ. 33 ಅಡಿ ಉದ್ದ, ಆಣೆ ಎಂಬ ಹದಿನಾರು ಭಾಗ. ಸರಪಳಿ ಉದ್ದ, ಸರಪಳಿ ಅಗಲ ಒಂದು ಗುಂಟೆ. ಅಂಥವು 40 ಕೂಡಿದರೆ ಎಕರೆ. ಜೊತೆಗೆ ಲಂಬ ಹಾಕುವ ಕ್ರಾಸ್ ಸ್ಟಾಫ್, ಗಡಿಯ ಬಾಂದು ಕಲ್ಲು, ಅಳತೆ ಬರೆದಿಡುವ ಟಿಪ್ಪಣಿ. ಕಬ್ಬಿಣದ ಬೆಟ್ಟ ಇವುಗಳನ್ನು ದಿಕ್ಕು ತಪ್ಪಿಸಲಾರದು. ಆದರೆ ಎಳೆದೆಳೆದು ಕೊಂಡಿಗಳು ಹಿಗ್ಗುತ್ತವೆ. ಒಂದೇ ಅಂಗುಲ ಹಿಗ್ಗಿದ ಸರಪಳಿಯಲ್ಲಿ ನಾಲ್ಕು ಎಕರೆ ತೋಟ ಅಳೆದರೆ ಪುಸ್ತಕದಲ್ಲಿ ಮುಕ್ಕಾಲು ಗುಂಟೆಗೂ ಹೆಚ್ಚು ಮಾಯ. ಬದುವಿನ ಜಗಳ ಕೇಳಿ ಕೇಳಿ ಕಿವಿ ಹಣ್ಣಾದ ನಿಮಗೆ ಆ ಮುಕ್ಕಾಲು ಗುಂಟೆಯ ತೂಕ ಹೇಳಬೇಕಾಗಿಲ್ಲ.

ಆದ್ದರಿಂದ ಈ ಎರಡು ದಿನ ಸಾಧನಗಳ ಹೊಗಳಿಕೆಗಿಂತ ಅವುಗಳ ತಪ್ಪಿನ ಮಾತೇ ಹೆಚ್ಚು ಬರಲಿ. ಯಾವ ಸರಪಳಿ ಯಾವ ಹಳ್ಳಿ ಸುತ್ತಿತು, ಯಾರು ಕೊಂಡಿ ತಟ್ಟಿ ಸರಿಪಡಿಸಿದರು ಎಂದು ನಿವೃತ್ತರು ನೆನಪಿದ್ದಷ್ಟು ಹೇಳಲಿ, ಹುಡುಗರು ಬರೆದುಕೊಳ್ಳಲಿ. ಗುಜರಿಯವನಿಂದ ನಾನು ಬಿಡಿಸಿಕೊಂಡು ಬಂದ ಸರಪಳಿ ಅಗೋ, ಆ ಮೂಲೆಯ ಗೋಣಿಚೀಲದಲ್ಲಿದೆ. ಕಾಫಿ ಆದ ಮೇಲೆ ಅಂಗಳಕ್ಕೆ ಬನ್ನಿ, ಉಕ್ಕಿನ ಟೇಪಿನ ಪಕ್ಕ ಹಾಸಿ ನೋಡೋಣ.