ಕಂಬಳಿ ತಾತನ ಚಿತ್ರ ತೆಗೆದ ಮೂರು ದಿನ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್‌ಎಸ್‌ಎಲ್‌ಸಿ ಓದಿದ ರೈತ. ಭಾಷಣ ಬರೋದಿಲ್ಲ. ಕಂಡದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಕಳೆದ ವರ್ಷ ಬೆಂಗಳೂರಿನಿಂದ ನಾಲ್ಕು ಜನ ಹುಡುಗರು ಚಳ್ಳಕೆರೆ ಸೀಮೆಯ ಕಂಬಳಿಯ ಹೆಸರು ಕೇಳಿ, ನಮ್ಮೂರ ಕಂಬಳಿ ತಾತನ ಮೇಲೆ ಸಣ್ಣ ಸಾಕ್ಷ್ಯಚಿತ್ರ ತೆಗೆಯಲು ಬಂದಿದ್ದರು. ಸಂಘದ ಪರವಾಗಿ ಅವರ ಜೊತೆ ಇರಲು ನನಗೆ ಹೇಳಿದ್ದರು. ಅವರಲ್ಲೂ ಒಬ್ಬ ನಿರ್ದೇಶಕ, ನಾನೂ ನಿರ್ದೇಶಕ. ಊರವರು ನಕ್ಕಿದ್ದೇ ನಕ್ಕಿದ್ದು.

ಮೊದಲನೇ ದಿನ ಕ್ಯಾಮೆರಾ ಪೂರ್ತಿ ಗುಂಡಿ ಮಗ್ಗದ ಮೇಲೆ. ಸಂಜೆ ಅಜ್ಜಿ ಕೇಳಿದರು: "ದಾರ ಎಲ್ಲಿಂದ ಬಂತು ಅಂತ ತೋರಿಸಲ್ವೇನಪ್ಪಾ?" ಹುಡುಗರಿಗೆ ನಾಚಿಕೆಯಾಯಿತು. ಎರಡನೇ ದಿನ ಅಜ್ಜಿ ಉಣ್ಣೆ ಹಿಂಜಿದ್ದು, ರಾಟೆಯಲ್ಲಿ ನೂತಿದ್ದು, ಹುಣಸೆ ಬೀಜದ ಗಂಜಿ ಕಾಸಿದ್ದು ಎಲ್ಲ ತೆಗೆದರು. ನಮ್ಮ ಉಣ್ಣೆ ಒರಟು. ಹಾಸಿನ ನೂಲಿಗೆ ಆ ಗಂಜಿ ಬಳಿದು ಒಣಗಿಸದಿದ್ದರೆ ಮಗ್ಗದಲ್ಲಿ ಪಟಪಟ ಹರಿಯುತ್ತದೆ. ಕರಿ ಉಣ್ಣೆಗೆ ಬಣ್ಣ ಬೇಕಿಲ್ಲ, ಹುಟ್ಟು ಬಣ್ಣವೇ ಕಂಬಳಿಯ ಬಣ್ಣ. ನಲವತ್ತು ದಾಟಿದ ನಾನು ಇದನ್ನೆಲ್ಲ ಕೂತು ನೋಡಿದ್ದು ಅವತ್ತೇ ಮೊದಲು.

ಮೂರನೇ ದಿನ ಆ ಹುಡುಗ, "ಸಾರ್, ಕರಿ ಕುರಿ ಹಿಂಡು ತೋರಿಸಿ, ಉಣ್ಣೆ ಕತ್ತರಿಸೋದು ಬೇಕು" ಅಂದ. ತಾತ ನನ್ನ ಕಡೆ ತಿರುಗಿ, "ಏನಪ್ಪಾ ನಿರ್ದೇಶಕ, ನಿನ್ನ ಹಟ್ಟೀಲಿ ಎಷ್ಟವೆ?" ಅಂದರು. ನಾನು ತಲೆ ತಗ್ಗಿಸಿದೆ.

ಬಂಧುಗಳೇ, ನಮ್ಮಪ್ಪನ ಕಾಲದಲ್ಲಿ ಹಿಂಡೆಲ್ಲ ಕರಿ ಕುರಿಯೇ. ವರ್ಷಕ್ಕೆ ಎರಡು ಸಲ ಉಣ್ಣೆ. ನಾನು ಮಾಂಸದ ರೇಟು ನೋಡಿ ನೆಲ್ಲೂರು ಟಗರು ಬಿಟ್ಟೆ. ಮರಿ ಎತ್ತರ ಬಂದವು, ದುಡ್ಡೂ ಬಂತು, ಆದರೆ ಮೈಮೇಲೆ ಉಣ್ಣೆ ಹೋಗಿ ಕೂದಲು ಉಳಿಯಿತು. 2008ರ ನಂತರ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಬೇರೆ ಕೆಲಸಕ್ಕೆ ಹೋಗಿ ಮೇವಿನ ಜಾಗವೂ ಕಡಿಮೆಯಾಯಿತು. ಅದು ನಮ್ಮ ಕೈಲಿರಲಿಲ್ಲ. ಟಗರು ಮಾತ್ರ ನಮ್ಮ ಕೈಲೇ ಇತ್ತು. ತಾತನ ಮಗ್ಗ ನಿಲ್ಲೋದಕ್ಕೆ ಮಿಲ್ಲಿನ ಕಂಬಳಿ ಒಂದೇ ಕಾರಣ ಅಂತ ನಾನು ಸಭೆಗಳಲ್ಲಿ ಹೇಳುತ್ತಿದ್ದೆ. ಅರ್ಧ ಕಾರಣ ನನ್ನ ಹಟ್ಟಿಯಲ್ಲೇ ಇತ್ತು.

ಕೊನೆಗೆ ಪಕ್ಕದೂರಿಗೆ ಹೋಗಿ ಕರಿ ಕುರಿ ಚಿತ್ರ ತೆಗೆದರು.

ಆದ್ದರಿಂದ ಸಂಘದ ಮುಂದೆ ಮೂರು ಮಾತು ಇಡುತ್ತೇನೆ. ಒಂದು, ಹಟ್ಟಿಗೆ ಹತ್ತಾದರೂ ಕರಿ ಕುರಿ ಉಳಿಸೋಣ, ಅವುಗಳಿಗೆ ನಾಟಿ ಟಗರೇ ಇರಲಿ. ಎರಡು, ಕರಿ ಉಣ್ಣೆಯನ್ನು ಸಂಘ ಬೇರೆ ತೂಗಿ, ತೂಗಿದ ದಿನವೇ ಹಣ ಕೊಡಲಿ. ಮೂರು, ಇವತ್ತು ಈ ವೇದಿಕೆಯಲ್ಲಿ ಹೊದಿಸಿದ ಶಾಲುಗಳೆಲ್ಲ ಅಂಗಡಿಯವು. ಮುಂದಿನ ಸನ್ಮಾನಕ್ಕೆ ನಮ್ಮೂರ ಕಂಬಳಿ ಹೊದಿಸೋಣ.

ನಾನು ಈ ವರ್ಷ ಎಂಟು ಕರಿ ಕುರಿ, ಒಂದು ಟಗರು ತಂದಿದ್ದೇನೆ. ಮೊದಲ ಉಣ್ಣೆ ತಾತನ ಮನೆಗೇ ಹೋಯಿತು. ಆ ಚಿತ್ರ ನೋಡಿದವರು ತಾತನನ್ನು ಹೊಗಳುತ್ತಾರೆ, ಸಂತೋಷ. ಮಗ್ಗ ನಡೆಯೋದು ಮಾತ್ರ ಹೊಗಳಿಕೆಯಿಂದಲ್ಲ, ಉಣ್ಣೆಯಿಂದ.