ಅಡುಗೆಮನೆ ಮದ್ದು: ಎಲ್ಲಿವರೆಗೆ?

(ಸ್ವಸಹಾಯ ಸಂಘಗಳ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು)



ಕಳೆದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಮನೆಮದ್ದಿನ ಮಾತು ಬಂತು. ಒಬ್ಬರು ಶುಂಠಿ ಕಷಾಯ ಅಂದರು, ಇನ್ನೊಬ್ಬರು ಓಮದ ನೀರು ಅಂದರು. ಅಷ್ಟರಲ್ಲಿ ಚಾಮರಾಜಪೇಟೆಯ ಅಕ್ಕ ಒಬ್ಬರು ತಮ್ಮ ಮೊಮ್ಮಗನ ವಿಷಯ ಹೇಳಿದರು. ಒಂದೂವರೆ ವರ್ಷದ ಮಗುವಿಗೆ ಭೇದಿ. ಎರಡು ದಿನ ದಾಳಿಂಬೆ ಸಿಪ್ಪೆಯ ಕಷಾಯವನ್ನೇ ಚಮಚ ಚಮಚ ಕೊಟ್ಟರು. ನೀರು ಕೊಟ್ಟರೆ ಭೇದಿ ಜಾಸ್ತಿಯಾಗುತ್ತೆ ಅಂತ ನೀರು ನಿಲ್ಲಿಸಿದರು. ಮೂರನೇ ದಿನ ಮಗುವಿನ ಕಣ್ಣು ಗುಳಿ ಬಿತ್ತು, ಅಳುವುದಕ್ಕೂ ಶಕ್ತಿ ಉಳಿಯಲಿಲ್ಲ. ಆಸ್ಪತ್ರೆಗೆ ಓಡಿದರು, ಮಗು ಉಳಿಯಿತು. "ತಪ್ಪು ಕಷಾಯದ್ದಾ, ನಮ್ಮದಾ?" ಅಂತ ಆ ಅಕ್ಕ ಕೇಳಿದರು. ಇವತ್ತು ನಾವು ಆ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

ಮನೆಮದ್ದು ನಮಗೆ ಹೊಸದಲ್ಲ. 1898ರ ಪ್ಲೇಗ್ ಮಾರಿಯ ನಂತರ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದಾಗ ಗಾಳಿ ಬೆಳಕು ಇರುವ ಮನೆ, ಹಿಂದೆ ಹಿತ್ತಲು ಇತ್ತು. ಹಿತ್ತಲಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ. ಇವತ್ತು ಹಿತ್ತಲು ಹೋಗಿ ಕುಂಡ ಬಂದಿದೆ, ಆದರೂ ಗ್ರಂಧಿಗೆ ಅಂಗಡಿಯಲ್ಲಿ ಹಿಪ್ಪಲಿ, ಜ್ಯೇಷ್ಠಮಧು ಕೇಳುವವರು ಕಡಿಮೆಯಾಗಿಲ್ಲ. ಅರಿಶಿನ ಗಾಯ ವಾಸಿ ಮಾಡುತ್ತೆ ಅನ್ನೋದನ್ನು ಹೊಸ ಶೋಧನೆ ಅಂತ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ಇದು ನಮ್ಮಲ್ಲಿ ಹಳೆಯ ತಿಳಿವಳಿಕೆ ಅಂತ ನಮ್ಮ ದೇಶದ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಅಜ್ಜಿಯ ತಿಳಿವಳಿಕೆಗೆ ಬೆಲೆ ಇದೆ. ಆದರೆ ಅದಕ್ಕೊಂದು ಗಡಿಯೂ ಇದೆ.

ನೆಗಡಿ, ಗಂಟಲು ಕೆರೆತಕ್ಕೆ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಶುಂಠಿ ಹಾಕಿದ ಕಷಾಯ ಹಿತವೇ. ಉಪ್ಪು ನೀರಿನಲ್ಲಿ ಗಂಟಲು ಮುಕ್ಕಳಿಸಿದರೂ ಆರಾಮ. ಕೆಮ್ಮಿಗೆ ಜೇನುತುಪ್ಪ ಒಳ್ಳೆಯದು, ಆದರೆ ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಕೂಸಿನ ಹೊಟ್ಟೆಯಲ್ಲಿ ವಿಷವಾಗುತ್ತದೆ. ಆರು ತಿಂಗಳವರೆಗೆ ತಾಯಿ ಹಾಲೇ ಸಾಕು, ಬಜೆ ತೇಯ್ದು ಹಾಕುವುದೂ ಬೇಡ. ಹಬೆ ತೆಗೆದುಕೊಳ್ಳುವಾಗ ಕುದಿನೀರಿನ ಪಾತ್ರೆ ಮಕ್ಕಳ ಕೈಗೆ ಸಿಗುವ ಹಾಗೆ ನೆಲದ ಮೇಲೆ ಇಡಬೇಡಿ.

ಇನ್ನು ಭೇದಿ. ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಕುತ್ತು ಬರುವುದು ಹೆಚ್ಚಾಗಿ ಮೈಯಲ್ಲಿನ ನೀರು, ಲವಣ ಹೊರಟುಹೋಗುವುದರಿಂದ. ಹಾಗಾಗಿ ಮೊದಲ ಮದ್ದು ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಬೆರೆಸಿ. ಪೊಟ್ಟಣ ಸಿಗುವವರೆಗೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕೈ ಅಳತೆ ಬೇಡ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗಲೂ ಕಾಲು ಲೋಟದಿಂದ ಅರ್ಧ ಲೋಟ, ಚಮಚದಲ್ಲಿ ನಿಧಾನವಾಗಿ. ವಾಂತಿಯಾದರೆ 10 ನಿಮಿಷ ಬಿಟ್ಟು ಮತ್ತೆ ಕೊಡಿ. ತಾಯಿ ಹಾಲು ನಿಲ್ಲಿಸಬೇಡಿ. ತಿನ್ನುವ ಮಗುವಾದರೆ ಅಕ್ಕಿ ಗಂಜಿ, ಮೊಸರನ್ನ ಕೊಡಿ. ವೈದ್ಯರು ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಪೂರ್ತಿ ಹಾಕಬೇಕು. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಕುಡಿಯಲಾಗದ ಸ್ಥಿತಿ, ಆರು ಗಂಟೆ ಮೂತ್ರವಿಲ್ಲ – ಇದರಲ್ಲಿ ಒಂದು ಕಂಡರೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕೋಟೆ ಪಕ್ಕದಲ್ಲೇ ವಾಣಿವಿಲಾಸ ಆಸ್ಪತ್ರೆ ಇದೆ.

ಸುಟ್ಟ ಗಾಯಕ್ಕೆ ಕಾಫಿಪುಡಿ, ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಬಳೆ, ಉಂಗುರ ಕೂಡಲೇ ತೆಗೆದು, 20 ನಿಮಿಷ ತಣ್ಣೀರು ಹರಿಸಿ. ನಲ್ಲಿ ಬರದಿದ್ದರೆ ಚೊಂಬಿನಲ್ಲಿ ಸುರಿಯಿರಿ. ಐಸ್ ಇಡಬೇಡಿ. ಗಾಯ ದೊಡ್ಡದಾದರೆ ಶುದ್ಧ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಹೋಗಿ. ವಿಕ್ಟೋರಿಯಾದಲ್ಲಿ ಸುಟ್ಟಗಾಯಕ್ಕೇ ಪ್ರತ್ಯೇಕ ವಿಭಾಗವಿದೆ. ಕಣ್ಣಿಗೆ ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಬಿಡಬೇಡಿ, ಮಿಂಟೋ ಆಸ್ಪತ್ರೆ ದೂರವಿಲ್ಲ. ಸಕ್ಕರೆ ಕಾಯಿಲೆಯವರು ಮೆಂತ್ಯ ತಿನ್ನಲಿ, ಆದರೆ ಮೆಂತ್ಯ ತಿಂತೀನಿ ಅಂತ ಮಾತ್ರೆ ಬಿಡುವುದು ಬೇಡ.

ನಮ್ಮಲ್ಲಿ ಕೆಲವು ಸಂಘಗಳು ಕಷಾಯದ ಪುಡಿ ಮಾಡಿ ಮಾರುತ್ತಿವೆ. ಸಂತೋಷ. ಆದರೆ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿಕೊಳ್ಳಿ, ಪೊಟ್ಟಣದ ಮೇಲೆ ಪದಾರ್ಥ, ತಯಾರಿಸಿದ ದಿನ ಬರೆಯಿರಿ. ಅರಿಶಿನ ಕೊಂಬು ಕೊಂಡು ನಾವೇ ಬೀಸಿಸಿದರೆ ಪುಡಿಯಲ್ಲಿ ಬಣ್ಣ ಬೆರೆಸುವ ಭಯ ಕಡಿಮೆ. 'ಸಕ್ಕರೆ ಕಾಯಿಲೆ ವಾಸಿ', 'ಕ್ಯಾನ್ಸರ್ ವಾಸಿ' ಅಂತ ಬರೆದರೆ 1954ರ ಕಾಯಿದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಮ್ಮ ಮಾತು ನಂಬಿ ಒಬ್ಬ ತಾಯಿ ಆಸ್ಪತ್ರೆಗೆ ಹೋಗುವುದನ್ನು ತಡಮಾಡಿದರೆ ಆ ಪಾಪ ಯಾರಿಗೆ?

ಈಗ ಅಕ್ಕನ ಪ್ರಶ್ನೆಗೆ ಬರೋಣ. ಅಕ್ಕ, ಮಗುವನ್ನು ಅಪಾಯಕ್ಕೆ ತಳ್ಳಿದ್ದು ನೀರು ನಿಲ್ಲಿಸಿದ್ದು, ಕಷಾಯ ನಂಬಿ ಕಾದದ್ದು. ನೀವೊಬ್ಬರೇ ಅಲ್ಲ, ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತಿದೆ. ನೀವು ಬಾಯಿಬಿಟ್ಟು ಹೇಳಿದ್ದರಿಂದ ನಾವೆಲ್ಲ ಕಲಿತೆವು.

ಒಂದು ತೀರ್ಮಾನ ಮಾಡೋಣ. ಪ್ರತಿ ಸಂಘದ ಹಣದ ಪೆಟ್ಟಿಗೆಯಲ್ಲಿ ಪಾಸ್‌ಬುಕ್ ಜೊತೆ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ. ರಾತ್ರಿ ಹೊತ್ತಿನಲ್ಲಿ ಯಾರ ಮನೆಗೆ ಬೇಕಾದರೂ ಅದು ಸಿಗಲಿ. ಮುಂದಿನ ಸಭೆಯಲ್ಲಿ ಪೆಟ್ಟಿಗೆ ತೆರೆದಾಗ ಹಣ ಎಣಿಸುವ ಮೊದಲು ಪೊಟ್ಟಣ ಎಣಿಸೋಣ.